ಸೋಮವಾರದ ಎಣಿಕೆ

ರೆಡೊಂಡೊ ಬೀಚ್‌ನ ಆ ಮನೆಯಲ್ಲಿ ನನಗೆ ಕೊಟ್ಟ ಮೊದಲ ಕೆಲಸವೆಂದರೆ ಪೆಟ್ಟಿಗೆಯಿಂದ ಒಂದು ಕಾರ್ಡು ತೆಗೆದು ಜೋರಾಗಿ ಓದುವುದು. 2020ರ ಬೇಸಿಗೆ. ಹಿತ್ತಲಿನ ನಿಂಬೆಗಿಡದ ಪಕ್ಕ ಪ್ರೊಫೆಸರ್ ಕೂತಿದ್ದರು, ಹತ್ತಡಿ ದೂರದಲ್ಲಿ ನಾನು. ಇಬ್ಬರಿಗೂ ಮಾಸ್ಕ್. ಅವರ ಎರಡೂ ಕಣ್ಣುಗಳಲ್ಲಿ ನಡುಭಾಗದ ದೃಷ್ಟಿ ಹೋಗಿದೆ, ಮುಖ ಕಾಣಿಸುವುದಿಲ್ಲ, ಅಕ್ಷರವಂತೂ ಇಲ್ಲವೇ ಇಲ್ಲ ಎಂದು ಅವರ ಮಗಳು ಫೋನಿನಲ್ಲೇ ಹೇಳಿದ್ದಳು.

ಓದಿದೆ. ಮೇಲೆ ಒಂದು ಊರಿನ ಹೆಸರು. ಕೆಳಗೆ ಆರು ಸಾಲು. ಪ್ರತಿ ಸಾಲಿನಲ್ಲೂ ಹೌದು ಎಂದವರೆಷ್ಟು, ಇಲ್ಲ ಎಂದವರೆಷ್ಟು, ಅಸಿಂಧುವಾಗಿ ಕುಲಗೆಟ್ಟ ಮತ ಎಷ್ಟು. ತಳದಲ್ಲಿ ಕನ್ನಡದಲ್ಲಿ ಒಂದು ಟಿಪ್ಪಣಿ: "ಬಂದರು. ಉಣ್ಣೆಯ ಗೋದಾಮು ಎರಡು."

"ಏನು ತಿಳೀತು?" ಅಂದರು.

"ಏನೂ ತಿಳೀಲಿಲ್ರಿ, ಸರ್."

ಅವರಿಗೆ ನನ್ನ ಧಾರವಾಡದ ಮಾತು ಕೇಳಿ ನಗು ಬಂತು. ಅವರು ಮೈಸೂರಿನವರು. ನಲವತ್ತು ವರ್ಷ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟವರು. ಕಾರ್ಡುಗಳ ಟಿಪ್ಪಣಿ ಕನ್ನಡದಲ್ಲಿ ಇದ್ದದ್ದರಿಂದ ಕನ್ನಡವೂ ಬರುವ, ಅಂಕಿಅಂಶದ ಕೆಲಸವೂ ಗೊತ್ತಿರುವ ಒಬ್ಬರು ಅವರಿಗೆ ಬೇಕಿತ್ತು. ಸ್ಯಾನ್ ಡಿಯಾಗೋದ ಸೊರೆಂಟೊ ವ್ಯಾಲಿಯ ಔಷಧ ಕಂಪನಿಯೊಂದರಲ್ಲಿ ನಾನು ಮಾಡುತ್ತಿದ್ದದ್ದು ಅದೇ ಕೆಲಸ. ಮಾರ್ಚಿನಲ್ಲಿ ಲೇಆಫ್ ಆಗಿ ಮನೆಯಲ್ಲಿ ಕೂತಿದ್ದೆ.

"1913ರಲ್ಲಿ ಆಸ್ಟ್ರೇಲಿಯಾದವರು ತಮ್ಮ ಜನರನ್ನ ಒಂದು ಪ್ರಶ್ನೆ ಕೇಳಿದ್ರಮ್ಮ," ಎಂದು ಶುರುಮಾಡಿದರು. "ದೇಶದೊಳಗಿನ ವ್ಯಾಪಾರದ ಮೇಲಿನ ಅಧಿಕಾರ ಪೂರ್ತಿ ಕೇಂದ್ರ ಸರ್ಕಾರಕ್ಕೆ ಕೊಡೋಣವಾ ಅಂತ. ಅಲ್ಲಿವರೆಗೂ ಕೇಂದ್ರಕ್ಕೆ ಇದ್ದದ್ದು ಹೊರದೇಶದ ವ್ಯಾಪಾರ, ರಾಜ್ಯ ರಾಜ್ಯಗಳ ಮಧ್ಯದ ವ್ಯಾಪಾರ, ಅಷ್ಟೇ. ಒಂದು ರಾಜ್ಯದ ಒಳಗಡೆ ನಡೆಯೋದಕ್ಕೆ ಕೈ ಹಾಕೋ ಹಾಗಿರಲಿಲ್ಲ."

"ಜನ ಏನಂದ್ರು?"

"ಬೇಡ ಅಂದ್ರು. ಸ್ವಲ್ಪದರಲ್ಲಿ ಹೋಯ್ತು."

ಅದೇ ದಿನ ಇನ್ನೂ ಐದು ಪ್ರಶ್ನೆಗಳಿದ್ದವು. ಕಂಪನಿಗಳ ಬಗ್ಗೆ, ಕೂಲಿಕಾರರ ಬಗ್ಗೆ, ಏಕಸ್ವಾಮ್ಯದ ಬಗ್ಗೆ, ಹೀಗೆ. ಆರೂ ಬಿದ್ದುಹೋದವು, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಜನ ಪ್ರಶ್ನೆ ಓದಲೇ ಇಲ್ಲ, ತಮ್ಮ ಪಕ್ಷ ಹೇಳಿದ ಹಾಗೆ ಆರಕ್ಕೂ ಒಂದೇ ಉತ್ತರಕ್ಕೆ ಗುರುತು ಹಾಕಿದರು ಎಂದು ಪಂಡಿತರೆಲ್ಲ ಹೇಳುತ್ತಾ ಬಂದಿದ್ದರು. ಪ್ರೊಫೆಸರ್ ಮಾತ್ರ ಒಪ್ಪಿರಲಿಲ್ಲ. ಏಳು ಬಂದರು ಪಟ್ಟಣಗಳಲ್ಲಿ ವ್ಯಾಪಾರದ ಪ್ರಶ್ನೆಗೆ ಮಿಕ್ಕ ಐದಕ್ಕಿಂತ ಎದ್ದು ಕಾಣುವಷ್ಟು ಹೆಚ್ಚಿನ ಪ್ರಮಾಣದಲ್ಲಿ 'ಹೌದು' ಬಿದ್ದಿದೆ ಎಂದು ಅವರು ತೋರಿಸಿದ್ದರು. ಹಡಗುಕಟ್ಟೆಯಲ್ಲಿ ದುಡಿಯುವವನಿಗೆ ವ್ಯಾಪಾರ ಗೊತ್ತು, ಅವನು ಆ ಒಂದು ಪ್ರಶ್ನೆಯನ್ನು ಬೇರೆಯಾಗಿ ಓದಿದ್ದಾನೆ ಎಂಬುದು ಅವರ ವಾದ. ಎಂಬತ್ತರ ದಶಕದಲ್ಲಿ ಬರೆದ ಆ ಲೇಖನದಿಂದಲೇ ಅವರಿಗೆ ಹೆಸರು ಬಂದದ್ದು. ಈಗ ಅದನ್ನೇ ಹಿಗ್ಗಿಸಿ ಪುಸ್ತಕ ಮಾಡುತ್ತಿದ್ದರು. ವಿಶ್ವವಿದ್ಯಾಲಯದ ಪ್ರಕಾಶನವೊಂದು ಒಪ್ಪಿಕೊಂಡಿತ್ತು.

"ಜನ ಓದ್ತಾರೆ ಕಣಮ್ಮ," ಅಂದರು. "ಓದಿ, ಯೋಚ್ನೆ ಮಾಡಿ, ಆಮೇಲೆ ಹಾಕ್ತಾರೆ. ನಾನು ಬದುಕಿನಲ್ಲಿ ಹೇಳಿದ್ದು ಅಷ್ಟೇ."

ಕಾರ್ಡಿನ ನಾಲ್ಕು ಪೆಟ್ಟಿಗೆಗಳನ್ನು ಕಾರಿನಲ್ಲಿಟ್ಟುಕೊಂಡು ಸ್ಯಾನ್ ಡಿಯಾಗೋಗೆ ವಾಪಸಾದೆ.

ನನ್ನ ಕ್ರಮ ಕಂಪನಿಯಲ್ಲಿ ಕಲಿತದ್ದೇ. ಒಂದೊಂದು ಕಾರ್ಡನ್ನೂ ಎರಡು ಸಲ ಟೈಪ್ ಮಾಡುವುದು, ಎರಡರ ನಡುವೆ ಒಂದು ವಾರದ ಅಂತರ ಬಿಟ್ಟು, ಮೊದಲಿನದನ್ನು ನೋಡದೆ. ಆಮೇಲೆ ಎರಡನ್ನೂ ತಾಳೆ ಹಾಕಿ, ಹೊಂದದ ಕಡೆ ಮತ್ತೆ ಕಾರ್ಡು ತೆಗೆದು ನೋಡುವುದು. ಕಾರ್ಡುಗಳಲ್ಲಿ ಎರಡು ಕೈಬರಹಗಳಿದ್ದವು. ವ್ಯಾಪಾರದ ಪ್ರಶ್ನೆಯ ಮೊದಲ ಸಾಲು ಎಲ್ಲಾ ಕಡೆ ಪ್ರೊಫೆಸರರ ಓಡುವ ಅಕ್ಷರ. ಮಿಕ್ಕ ಐದು ಸಾಲು, ಕೆಳಗಿನ ಟಿಪ್ಪಣಿ, ಪತ್ರಿಕೆಯ ತಾರೀಖು ದುಂಡಗಿನ ಅಕ್ಷರ. ಅದು ಅವರ ಹೆಂಡತಿಯದು. ಮೆಲ್ಬರ್ನ್‌ನ ಲೈಬ್ರರಿಯೊಂದರಲ್ಲಿ ಆರು ವಾರ ಇಬ್ಬರೂ ಕೂತು ಹಳೆಯ ಪತ್ರಿಕೆಗಳಿಂದ ನಕಲು ಮಾಡಿದ್ದಂತೆ. ನಾನು ಹೋಗುವ ಹೊತ್ತಿಗೆ ಆಕೆ ತೀರಿಕೊಂಡು ಮೂರು ವರ್ಷವಾಗಿತ್ತು.

ಟೈಪ್ ಮುಗಿದ ಮೇಲೆ ಒಂದು ಸರಳ ಪರೀಕ್ಷೆ ಮಾಡಿದೆ. ಒಬ್ಬ ಮತದಾರ ಆರೂ ಪ್ರಶ್ನೆಗೆ ಒಂದೇ ಸಲ ಉತ್ತರಿಸಿದ್ದಾನೆ. ಹಾಗಾಗಿ ಹೌದು, ಇಲ್ಲ, ಕುಲಗೆಟ್ಟದ್ದು ಮೂರನ್ನೂ ಕೂಡಿದರೆ ಆರೂ ಸಾಲಿನ ಮೊತ್ತ ಹತ್ತಿರ ಹತ್ತಿರ ಒಂದೇ ಬರಬೇಕು. ಒಳನಾಡಿನ ಊರುಗಳಲ್ಲಿ ಬಂತು. ಏಳು ಬಂದರು ಪಟ್ಟಣಗಳಲ್ಲಿ ಮಾತ್ರ ಮೊದಲ ಸಾಲಿನ ಮೊತ್ತ ಕಡಿಮೆ ಬಿದ್ದಿತ್ತು. ಚೂರುಪಾರು ಅಲ್ಲ, ಢಾಳಾಗಿ.

ಫೋನಿನಲ್ಲಿ ಹೇಳಿದೆ. "ಮೊದಲನೇ ಸಾಲು ಕೂಡಂಗಿಲ್ರಿ ಸರ್. ಅಷ್ಟು ಮಂದಿ ಎಲ್ಲಿ ಹೋದ್ರು?"

ಅವರು ಕಾಯುತ್ತಿದ್ದವರಂತೆ ಉತ್ತರಿಸಿದರು. "ಅದೇ ನನ್ನ ಪಾಯಿಂಟು! ಅರ್ಥವಾಗದವರು ಆ ಪ್ರಶ್ನೆ ಬಿಟ್ಟುಬಿಟ್ಟಿದ್ದಾರೆ. ಅರ್ಥವಾದವರು ಹೌದು ಅಂದಿದ್ದಾರೆ. ಲೇಖನದಲ್ಲಿ ಒಂದು ಪ್ಯಾರಾನೇ ಇದೆ, ಓದು."

ಓದಿದೆ. ಇತ್ತು. ಚೆನ್ನಾಗಿಯೇ ಬರೆದಿದ್ದರು. ಬಿಟ್ಟವರ ಮತ ಕುಲಗೆಟ್ಟ ಮತದ ಲೆಕ್ಕಕ್ಕೆ ಬರಬೇಕಲ್ಲ, ಮೊತ್ತದಿಂದಲೇ ಯಾಕೆ ಮಾಯವಾಗಬೇಕು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಬಂದದ್ದು ನಿಜ. ಆ ಕಾಲದಲ್ಲಿ ಎಣಿಸುವ ಪದ್ಧತಿ ಬೇರೆ ಇದ್ದೀತು ಎಂದು ಸುಮ್ಮನಾದೆ. ನಾನು ಔಷಧದ ಲೆಕ್ಕದವಳು, ಅವರು ಇದರಲ್ಲೇ ತಲೆ ಬೆಳ್ಳಗಾದವರು.

ನವೆಂಬರಿನ ಚುನಾವಣೆಗೆ ಇಲ್ಲಿ ಎಲ್ಲರಿಗೂ ಅಂಚೆಯಲ್ಲಿ ಮತಪತ್ರ ಬಂತು. ಜೊತೆಗೆ, ರಾಜ್ಯ ತನ್ನ ಜನರನ್ನೇ ನೇರವಾಗಿ ಹೌದೋ ಇಲ್ಲವೋ ಎಂದು ಕೇಳುವ ಪ್ರಶ್ನೆಗಳನ್ನೆಲ್ಲ ವಿವರಿಸುವ ದಪ್ಪ ಪುಸ್ತಿಕೆ. ನಾನು ಹೋದ ದಿನ ಮಗಳು ಅಡುಗೆಮನೆಯ ಕಟ್ಟೆಯ ಮುಂದೆ ನಿಂತುಕೊಂಡೇ ಪಕ್ಷದ ಚೀಟಿಯೊಂದನ್ನು ಪಕ್ಕಕ್ಕಿಟ್ಟು ತನ್ನದನ್ನು ತುಂಬುತ್ತಿದ್ದಳು. ಅಪ್ಪನದನ್ನೂ ಹಾಗೇ ತುಂಬಿಬಿಡುವುದಾಗಿ ಹೇಳಿದಳು.

"ಇಲ್ಲ," ಅಂದರು ಪ್ರೊಫೆಸರ್. "ಇವಳು ಓದ್ತಾಳೆ. ಒಂದೊಂದೂ. ಪರ ವಿರೋಧ ಎರಡೂ."

"ಅಪ್ಪಾ, ನೋಬಡಿ ರೀಡ್ಸ್ ಆಲ್ ದಟ್," ಅಂದಳು ಮಗಳು.

ನಾನು ಎರಡು ಮಧ್ಯಾಹ್ನ ಕೂತು ಓದಿದೆ. ಆ್ಯಪ್‌ನಲ್ಲಿ ಕಾರು ಓಡಿಸುವವರ ವಿಷಯ, ಬಾಡಿಗೆಯ ವಿಷಯ, ಡಯಾಲಿಸಿಸ್ ಕ್ಲಿನಿಕ್‌ಗಳ ವಿಷಯ. ಅವರು ನಡುನಡುವೆ ನಿಲ್ಲಿಸಿ ಒಂದು ವಾಕ್ಯವನ್ನು ಎರಡನೆಯ ಸಲ ಓದಿಸುತ್ತಿದ್ದರು. ನನಗೆ ಬೇಸರವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ಮತವನ್ನು ಆ ಮೊದಲೇ ಹಾಕಿಬಿಟ್ಟಿದ್ದೆ, ಅರ್ಧದಷ್ಟನ್ನೂ ಓದದೆ.

2021ರಲ್ಲಿ ಪ್ರಕಾಶನದಿಂದ ಪರಿಶೀಲಕರ ಟಿಪ್ಪಣಿ ಬಂತು. ಹೊಗಳಿಕೆಯೇ ಹೆಚ್ಚು. ಒಂದೇ ಕೋರಿಕೆ: ಏಳು ಪಟ್ಟಣಗಳ ಕೋಷ್ಟಕಕ್ಕೆ ಪತ್ರಿಕೆ, ತಾರೀಖು, ಪುಟ ಕೊಡಿ. ಕೇಂದ್ರದ ಅಧಿಕೃತ ವರದಿಯಲ್ಲಿ ದೊಡ್ಡ ಕ್ಷೇತ್ರಗಳ ಮೊತ್ತ ಮಾತ್ರ ಇತ್ತು. ಪಟ್ಟಣ ಪಟ್ಟಣದ ವಿವರ ಸಿಗುತ್ತಿದ್ದದ್ದು ಸ್ಥಳೀಯ ಪತ್ರಿಕೆಗಳಲ್ಲಿ ಮಾತ್ರ. ಕಾರ್ಡಿನಲ್ಲಿ ತಾರೀಖಿತ್ತು, ಪುಟಸಂಖ್ಯೆ ಇರಲಿಲ್ಲ. ಆರು ಪತ್ರಿಕೆಗಳು ಇಂಟರ್ನೆಟ್ಟಿನಲ್ಲಿ ಸಿಕ್ಕವು. ಆದರೆ ಸ್ಕ್ಯಾನ್ ಎಷ್ಟು ಮಸುಕು ಎಂದರೆ 3, 8 ಎರಡೂ ಒಂದೇ ಥರ ಕಾಣುತ್ತಿದ್ದವು. ಅವನ್ನು ಪಕ್ಕಕ್ಕಿಟ್ಟೆ. ಏಳನೆಯದು, ಎಲ್ಲಕ್ಕಿಂತ ದೊಡ್ಡ ಬಂದರಿನದು, ಮೈಕ್ರೊಫಿಲ್ಮಿನಲ್ಲಿ ಮಾತ್ರ ಇತ್ತು. ಅದನ್ನು ಸಮುದ್ರದಾಚೆಯಿಂದ ಎರವಲು ತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು.

ಲಾಂಗ್ ಬೀಚ್‌ನ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ರೀಲು ನೋಡಲು ಕೂತಾಗ ಬೆಳಿಗ್ಗೆ ಹತ್ತು ಗಂಟೆ. ಯಂತ್ರಕ್ಕೆ ಸುರುಳಿ ಸಿಕ್ಕಿಸಿ, ಹಿಡಿ ತಿರುಗಿಸುತ್ತಾ ಹೋಗಬೇಕು. ಪುಟಗಳು ಕಣ್ಣೆದುರು ಹರಿಯುತ್ತವೆ. ಕಾರ್ಡಿನಲ್ಲಿ ಬರೆದಿದ್ದ ತಾರೀಖು ಗುರುವಾರದ್ದು. ಗುರುವಾರದ ಮೂರನೆಯ ಪುಟದಲ್ಲಿ ಕೋಷ್ಟಕ ಸಿಕ್ಕಿತು, "ಪೂರ್ಣ ಎಣಿಕೆ" ಎಂಬ ತಲೆಬರಹದ ಕೆಳಗೆ. ದುಂಡಗಿನ ಅಕ್ಷರದ ಐದು ಸಾಲುಗಳೂ ಅಂಕಿ ಅಂಕಿಗೆ ಸರಿ. ಮೊದಲ ಸಾಲು ಹೊಂದಲಿಲ್ಲ. ಗುರುವಾರದ ಪತ್ರಿಕೆಯ ಪ್ರಕಾರ ವ್ಯಾಪಾರದ ಪ್ರಶ್ನೆಗೂ ಮಿಕ್ಕ ಐದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಪ್ರೊಫೆಸರರ ಅಂಕಿ ಎಲ್ಲಿಂದ ಬಂತು? ಹಿಡಿಯನ್ನು ಹಿಂದಕ್ಕೆ ತಿರುಗಿಸಿದೆ. ಬುಧವಾರ ಇಲ್ಲ. ಮಂಗಳವಾರ ಇಲ್ಲ. ಸೋಮವಾರದ ಪತ್ರಿಕೆಯಲ್ಲಿ ಸಿಕ್ಕಿತು. ಮತದಾನ ನಡೆದದ್ದು ಶನಿವಾರ. ಸೋಮವಾರದ ಹೊತ್ತಿಗೆ ಎಣಿಕೆಯಾಗಿದ್ದದ್ದು ಹಡಗುಕಟ್ಟೆಯ ಸುತ್ತಲಿನ ಮತಗಟ್ಟೆಗಳು ಮಾತ್ರ. ಅಲ್ಲಿ ಈ ಪ್ರಶ್ನೆಗಳನ್ನು ಮುಂದಿಟ್ಟಿದ್ದ ಕೂಲಿಕಾರರ ಪಕ್ಷಕ್ಕೆ ಬಲ ಇತ್ತು, ಆರೂ ಪ್ರಶ್ನೆಗೆ 'ಹೌದು' ಹೆಚ್ಚು ಬಿದ್ದಿತ್ತು. ಊರ ಹೊರಗಿನ ಮತಗಟ್ಟೆಗಳ ಲೆಕ್ಕ ಬಂದು ಸೇರಿದ್ದು ಗುರುವಾರ. ಪ್ರೊಫೆಸರ್ ಮೊದಲ ಸಾಲನ್ನು ಸೋಮವಾರದಿಂದ ಬರೆದಿದ್ದರು, ಅವರ ಹೆಂಡತಿ ಮಿಕ್ಕದ್ದನ್ನು ಗುರುವಾರದಿಂದ. ಕಾಣೆಯಾದ ಮಂದಿ ಪ್ರಶ್ನೆ ಅರ್ಥವಾಗದೆ ಬಿಟ್ಟವರಲ್ಲ. ಅವರ ಮತ ಆಗಿನ್ನೂ ಎಣಿಕೆಯಾಗಿರಲಿಲ್ಲ, ಅಷ್ಟೇ.

ಅಂಕಿಗಳನ್ನು ಮೂರು ಸಲ ನೋಡಿದೆ. ಎರಡೂ ಪುಟದ ಪ್ರತಿ ತೆಗೆದುಕೊಂಡೆ. ಪಾರ್ಕಿಂಗ್ ಲಾಟಿನಲ್ಲಿ ಕಾರು ಸ್ಟಾರ್ಟ್ ಮಾಡದೆ ಎಷ್ಟೋ ಹೊತ್ತು ಕೂತಿದ್ದೆ.

ಅಲ್ಲಿಂದ ರೆಡೊಂಡೊ ಬೀಚ್ ಹತ್ತಿರವೇ. ನಾನು ಹೋಗಲಿಲ್ಲ, ಸೀದಾ ದಕ್ಷಿಣಕ್ಕೆ ಮನೆಗೆ ಡ್ರೈವ್ ಮಾಡಿದೆ. ಮುಂದಿನ ಒಂಬತ್ತು ದಿನ ಅವರ ಫೋನ್ ಬಂದಾಗಲೆಲ್ಲ ಪುಟಸಂಖ್ಯೆ ಹುಡುಕುತ್ತಿದ್ದೇನೆ ಎಂದೆ. ಸುಳ್ಳಲ್ಲ, ನಿಜವೂ ಅಲ್ಲ. ಗುರುವಾರದ ತಾರೀಖು, ಮೂರನೆಯ ಪುಟ ಎಂದು ಕೋಷ್ಟಕದ ಕೆಳಗೆ ಬರೆದು ಕಳಿಸಿದರೆ ಮುಗಿಯುತ್ತಿತ್ತು. ಆ ರೀಲನ್ನು ಮತ್ತೆ ಯಾರೂ ತರಿಸುವುದಿಲ್ಲ. ಅವರಿಗೆ ಕಣ್ಣು ಕಾಣದು, ವಯಸ್ಸು ಎಂಬತ್ತೊಂದು. ಪುಸ್ತಕ ಅವರ ಕೈಗೆ ಬರುತ್ತದೆ, ಅವರು ರಟ್ಟು ಸವರುತ್ತಾರೆ. ಯಾರಿಗೆ ನಷ್ಟ? ನೂರು ವರ್ಷದ ಹಿಂದೆ ಸತ್ತುಹೋದ ಒಂದು ಪ್ರಶ್ನೆ.

ಕಂಪನಿಯಲ್ಲಿ ಒಂದು ಔಷಧ ಕೆಲಸ ಮಾಡುವುದಿಲ್ಲ ಎಂದು ಹೇಳಬೇಕಾದ ಸಭೆಗಳಲ್ಲಿ ನಾನು ಕೂತಿದ್ದೆ. ಅಲ್ಲಿ ಹತ್ತು ಜನ ಇರುತ್ತಿದ್ದರು, ಯಾರ ಮುಖವನ್ನೂ ಒಬ್ಬಳೇ ನೋಡಬೇಕಾಗಿರಲಿಲ್ಲ. ಕೊನೆಗೆ ನಿರ್ಧಾರ ಮಾಡಿಸಿದ್ದು ಯಾವ ದೊಡ್ಡ ನೀತಿಯೂ ಅಲ್ಲ. ಕೋಷ್ಟಕದ ಕೆಳಗೆ "ಗುರುವಾರ" ಎಂದು ಟೈಪ್ ಮಾಡಿ ನೋಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಕಳಿಸುವುದಕ್ಕೆ ಕೈ ಬರಲಿಲ್ಲ.

ಹತ್ತನೆಯ ದಿನ ಹೋಗಿ ಹೇಳಿದೆ. ಅವರು ಊಟದ ಮೇಜಿನ ಮುಂದೆ ಕೂತಿದ್ದರು. ಎರಡೂ ಪುಟ ಓದಿ ಹೇಳಿದೆ, ಮೊದಲು ಸೋಮವಾರದ್ದು, ಆಮೇಲೆ ಗುರುವಾರದ್ದು.

"ಒಂದು ಊರಿನಲ್ಲಿ ಆಗಿರಬಹುದು," ಅಂದರು. ದನಿಯಲ್ಲಿ ಏನೂ ಏರುಪೇರಿಲ್ಲ. "ಮಿಕ್ಕ ಆರು ನೋಡು. ಅವಸರ ಬೇಡ."

ನೋಡಿದೆ. ಮಸುಕಾದ ಸ್ಕ್ಯಾನುಗಳನ್ನು ಹಿಗ್ಗಿಸಿ, ಒಂದೊಂದು ಅಂಕಿಯನ್ನೂ ಕೂಡಿ ಕಳೆದು ಖಚಿತಮಾಡಿಕೊಂಡೆ. ಐದು ವಾರ ಹಿಡಿಯಿತು. ಎಲ್ಲೋ ಒಂದು ಊರಾದರೂ ಉಳಿಯಲಿ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ. ನಾಲ್ಕನೆಯ ಊರಿನಲ್ಲಿ ಎರಡು ದಿನ ಹಾಗನ್ನಿಸಿತು ಕೂಡ, ಆಮೇಲೆ ಅದು ನಾನು 8 ಎಂದು ಓದಿದ್ದ 3 ಎಂದು ಗೊತ್ತಾಯಿತು. ಏಳೂ ಹೋದವು. ಎಲ್ಲಾ ಊರಿನಲ್ಲೂ ಅದೇ ಕಥೆ: ಮೊದಲ ಸಾಲು ಸೋಮವಾರದ್ದು, ಮಿಕ್ಕದ್ದು ಆಮೇಲಿನದ್ದು. ಒಳನಾಡಿನ ಸಣ್ಣ ಊರುಗಳಲ್ಲಿ ಸೋಮವಾರಕ್ಕೇ ಎಣಿಕೆ ಮುಗಿದಿತ್ತು, ಹಾಗಾಗಿ ಅಲ್ಲಿ ತಪ್ಪು ಕಾಣಿಸಿಕೊಂಡಿರಲಿಲ್ಲ.

ಈ ಪರಿಶೀಲನೆಯಲ್ಲಿ ಏಳು ಮೂಲ ಕಾರ್ಡುಗಳನ್ನೂ ಮತ್ತೆ ಹೊರಗೆ ತೆಗೆದಿದ್ದೆ. ದೊಡ್ಡ ಬಂದರಿನ ಕಾರ್ಡು ಕೈಜಾರಿ ಕೆಳಗೆ ಬಿತ್ತು, ಮಗುಚಿ ಬಿತ್ತು. ಹಿಂಬದಿಯಲ್ಲಿ ಪೆನ್ಸಿಲಿನ ಬರಹ. ಒಂದು ವರ್ಷದಿಂದ ಕಾರ್ಡುಗಳು ನನ್ನ ಹತ್ತಿರ ಇದ್ದವು, ಹಿಂಬದಿ ಖಾಲಿ ಎಂದುಕೊಂಡು ಒಂದನ್ನೂ ತಿರುಗಿಸಿ ನೋಡಿರಲಿಲ್ಲ. ಅದು ನನ್ನ ತಪ್ಪು. ದುಂಡಗಿನ ಅಕ್ಷರದಲ್ಲಿ ಇಷ್ಟೇ ಇತ್ತು: "ಒಂದನೇ ಸಾಲು ಸೋಮವಾರದ್ದಾ? ಇವರನ್ನ ಕೇಳಬೇಕು."

ಏಳು ಊರಿನ ವರದಿ ಒಪ್ಪಿಸಲು ಹೋದ ದಿನ ಆ ಕಾರ್ಡು ನನ್ನ ಬ್ಯಾಗಿನಲ್ಲಿತ್ತು. ಓದಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಒದ್ದಾಡಿದೆ. ಅವರು ಒಂದೊಂದೇ ಊರಿನ ಹೊಸ ಅಂಕಿ ಓದಿಸಿದರು. ಕೈಬೆರಳು ಮೇಜಿನ ಮೇಲೆ ಎಣಿಸುತ್ತಿದ್ದವು. ಏಳನೆಯದು ಮುಗಿದ ಮೇಲೆ ಕೇಳಿದರು:

"ಸೋಮವಾರದ ಪೇಪರು ಯಾರು ನೋಡಿದ್ದು? ಯಾರ ಅಕ್ಷರ?"

"ನಿಮ್ಮದರೀ ಸರ್."

"ಗ್ಯಾರಂಟಿ ತಾನೆ?"

"ಹೂಂ ರೀ. ಅಮ್ಮಾವ್ರ ಸಾಲು ಎಲ್ಲಾ ಸರಿ ಅದಾವ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಕಾರ್ಡಿನ ಹಿಂದ ಅವರು ಒಂದು ಮಾತು ಬರ್ದಾರ್ರಿ."

ಓದಿದೆ.

ಅವರು ಕೈಚಾಚಿ ಕಾರ್ಡು ತೆಗೆದುಕೊಂಡರು. ಆಮೇಲೆ, "ಕೇಳಿದ್ಲು," ಅಂದರು. "ಲೈಬ್ರರಿ ಮೆಟ್ಟಿಲ ಮೇಲೆ ಸ್ಯಾಂಡ್‌ವಿಚ್ ತಿಂತಾ ಇದ್ವಿ. ಮಗೂನ ಪಕ್ಕದ ಮನೆಯವರ ಹತ್ರ ಬಿಟ್ಟು ಬರ್ತಿದ್ಲು, ಹಾಗಾಗಿ ಲೇಟು. ನಾನು ಅಷ್ಟರಲ್ಲಿ ಮೊದಲನೇ ಸಾಲು ತುಂಬಿಸಿಬಿಟ್ಟಿರ್ತಿದ್ದೆ, ಇಂಪಾರ್ಟೆಂಟ್ ಅಂತ. ಅವಳು ಕೇಳಿದ್ಲು. ಇನ್ನು ನಾಲ್ಕೇ ದಿನ ಇದೆ, ತಲೆ ತಿನ್ನಬೇಡ, ಬರಿ ಅಂದೆ."

ಮಗಳು ಒಳಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು. "ಅಪ್ಪಾ, ಯು ವರ್ ಯಂಗ್," ಅಂದಳು.

"ಅವಳೂ ಯಂಗ್ ಇದ್ಲು," ಅಂದರು ಅವರು.

ಆ ವಾರವೇ ಪುಸ್ತಕ ಹಿಂತೆಗೆದುಕೊಂಡರು. ಏಳು ಪಟ್ಟಣಗಳ ಅಧ್ಯಾಯ ತೆಗೆದು ಮಿಕ್ಕದ್ದನ್ನು ಕೊಡಿ ಎಂದು ಪ್ರಕಾಶನದವರು ಕೇಳಿದರು. ಮಿಕ್ಕದ್ದು ಏನೂ ಇಲ್ಲ ಎಂದು ಪ್ರೊಫೆಸರ್ ನನ್ನಿಂದ ಬರೆಸಿದರು. ಆಮೇಲೆ ಹಳೆಯ ಲೇಖನ ಪ್ರಕಟಿಸಿದ್ದ ಪತ್ರಿಕೆಗೆ ತಿದ್ದುಪಡಿಯೊಂದನ್ನು ಹೇಳಿ ಬರೆಸಿದರು, ನಾಲ್ಕು ಪ್ಯಾರಾ. ತಪ್ಪು ಹೇಗಾಯಿತು, ಸರಿಯಾದ ಅಂಕಿ ಯಾವುದು, ಆ ಪಟ್ಟಣಗಳ ಜನ ಆರೂ ಪ್ರಶ್ನೆಗೆ ಒಂದೇ ರೀತಿ ಉತ್ತರಿಸಿದ್ದಾರೆ ಎಂಬುದು. ಕೊನೆಯ ಪ್ಯಾರಾದಲ್ಲಿ, ಈ ತಪ್ಪನ್ನು ಆಗಲೇ ನನ್ನ ಹೆಂಡತಿ ಗುರುತಿಸಿದ್ದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು. ಆಕೆಯ ಪೂರ್ತಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದರು.

ಸಂಪಾದಕರ ಉತ್ತರ 2022ರ ಆರಂಭದಲ್ಲಿ ಬಂತು. ಇಷ್ಟು ಹಳೆಯ ಲೇಖನಗಳಿಗೆ ತಿದ್ದುಪಡಿ ಹಾಕುವ ಪದ್ಧತಿ ತಮ್ಮಲ್ಲಿಲ್ಲ, ಬೇಕಿದ್ದರೆ ಹೊಸ ಲೇಖನವಾಗಿ ಕಳಿಸಬಹುದು, ಪರಿಶೀಲನೆಗೆ ಒಂದು ವರ್ಷವಾದರೂ ಆಗುತ್ತದೆ ಎಂದು. ಕಳಿಸಿದೆವು. ಹೊಸ ವಿಷಯ ಏನೂ ಇಲ್ಲ, ಎಲ್ಲರೂ ಮೊದಲಿನಿಂದ ಹೇಳುತ್ತಿದ್ದದ್ದನ್ನೇ ಇದು ಹೇಳುತ್ತದೆ ಎಂದು ಪರಿಶೀಲನೆಗೂ ಹೋಗದೆ ವಾಪಸು ಬಂತು. ಅದು ನಿಜವೂ ಆಗಿತ್ತು.

ಅಷ್ಟರಲ್ಲಿ ನನಗೆ ಸೊರೆಂಟೊ ವ್ಯಾಲಿಯಲ್ಲಿ ಬೇರೆ ಕೆಲಸ ಸಿಕ್ಕಿತ್ತು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ. 2022ರ ನವೆಂಬರಿನ ಚುನಾವಣೆ ಬಂದಾಗ, ಪುಸ್ತಿಕೆ ಓದಲು ಬರಲೇ ಎಂದು ಕೇಳಿದೆ. "ಬೇಡಮ್ಮ," ಅಂದರು. "ಮಗಳು ತುಂಬಿ ಕಳಿಸಿದ್ಲು."

ಮುಂದಿನ ವರ್ಷ ಅವರು ತೀರಿಕೊಂಡರು. ಅವರ ವಿಭಾಗದವರು ತಮ್ಮ ವೆಬ್‌ಸೈಟಿನಲ್ಲಿ ಶ್ರದ್ಧಾಂಜಲಿ ಹಾಕಿದರು. ಮಗಳು ಅದರ ಲಿಂಕ್ ಕಳಿಸಿ ಫೋನ್ ಮಾಡಿದಳು. ಸಾಮಾನ್ಯ ಮತದಾರರು ಪ್ರಶ್ನೆಯನ್ನು ಓದಿ, ಯೋಚಿಸಿ ಮತ ಹಾಕುತ್ತಾರೆಂದು ಏಳು ಬಂದರು ಪಟ್ಟಣಗಳ ಅಧ್ಯಯನದಿಂದ ತೋರಿಸಿಕೊಟ್ಟವರು ಎಂದು ಅದರ ಮೊದಲ ವಾಕ್ಯದಲ್ಲೇ ಇತ್ತು.

"ಕ್ಯಾನ್ ಯು ಆಸ್ಕ್ ದೆಮ್?" ಅಂದಳು. "ಅಮ್ಮನ ನೇಮ್ ಎಲ್ಲೂ ಇಲ್ಲ."

ವಿಭಾಗಕ್ಕೆ ಬರೆದೆ, ಎರಡೂ ಪುಟಗಳ ಪ್ರತಿ, ಅವರು ಹೇಳಿ ಬರೆಸಿದ ನಾಲ್ಕು ಪ್ಯಾರಾ ಎಲ್ಲವನ್ನೂ ಲಗತ್ತಿಸಿ. ಸಂಬಂಧಪಟ್ಟವರಿಗೆ ತಲುಪಿಸುವುದಾಗಿ ಕಚೇರಿಯಿಂದ ಒಂದು ಸಾಲು ಬಂತು. ಆಮೇಲೆ ಮತ್ತೆರಡು ಸಲ ಬರೆದೆ. ಈ ಬರಹಕ್ಕೆ ಕೂರುವ ಮುಂಚೆ ಪುಟ ತೆರೆದು ನೋಡಿದೆ. ವಾಕ್ಯ ಹಾಗೇ ಇದೆ.